ಅಂಗಳದ ಬಾವುಟದ ಕಂಬಕ್ಕೂ ಒಂದು ಚರಿತ್ರೆಯಿದೆ

ಆಗಸ್ಟ್ ಹತ್ತಿರ ಬಂದರೆ ಮನೆ ಮುಂದೆ ಬಾವುಟ ಹಾರಿಸಲು ಯಾವ ಕಂಬ ಒಳ್ಳೆಯದು, ಜಿ.ಐ. ಪೈಪಾ, ಬಿದಿರಾ, ನೀಲಗಿರಿಯಾ ಎಂಬ ಮಾತು ನಮ್ಮ ಊರುಗಳಲ್ಲಿ ಬರುತ್ತದೆ. ಸ್ವಂತ ಜಾಗದಲ್ಲಿ ಕಂಬ ನೆಡುವ ಈ ಸ್ವಾತಂತ್ರ್ಯ ಸುಲಭವಾಗಿ ಸಿಕ್ಕಿದ್ದಲ್ಲ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಜಾಗ ತಿರುಮಲೇಗೌಡರ ಜಮೀನು. ಅಂದರೆ ಒಬ್ಬ ರೈತನ ಸ್ವಂತ ನೆಲ. ಆದರೂ ಅಲ್ಲಿ ಚರಕದ ತ್ರಿವರ್ಣ ಬಾವುಟ ಹಾರಿಸಬಾರದೆಂದು ಸಂಸ್ಥಾನದ ಅಧಿಕಾರಿಗಳು ನಿಷೇಧ ಹೇರಿದರು. ಅದನ್ನು ಮೀರಿ ಬಾವುಟ ಏರಿಸಲು ಮುಂದಾದ ಅಧ್ಯಕ್ಷರು ನಮ್ಮ ದೊಡ್ಡಬಳ್ಳಾಪುರದ ಟಿ. ಸಿದ್ದಲಿಂಗಯ್ಯ. ಅವರನ್ನು ಬಂಧಿಸಿದರು. ಅವರ ಹಿಂದೆ ಇನ್ನೂ ಅನೇಕರು ಬಾವುಟ ಹಿಡಿದು ಜೈಲಿಗೆ ಹೋದರು.

ಅದೇ ತಿಂಗಳು 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ದೊಡ್ಡಬಳ್ಳಾಪುರದಿಂದ ಹಿಂದೂಪುರದ ಕಡೆಗೆ ರೈಲಿನಲ್ಲಿ ಹೋದವರಿಗೆ ಆ ಊರಿನ ಸ್ಟೇಷನ್ ಗೊತ್ತು. ಸತ್ತವರ ಲೆಕ್ಕ ಸರ್ಕಾರ ಹೇಳಿದ್ದು ಒಂದು, ಜನ ಹೇಳಿದ್ದು ಅದಕ್ಕಿಂತ ಹೆಚ್ಚು. ಈ ಸುದ್ದಿ ದೇಶಕ್ಕೆಲ್ಲ ಮುಟ್ಟಿತು. ಮುಂದಿನ ತಿಂಗಳೇ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದ ಮಾಡಿಕೊಂಡರು. ಸಮಾರಂಭಗಳಲ್ಲಿ ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟವೂ ಹಾರಬಹುದು ಎಂದಾಯಿತು.

1947ರ ಜುಲೈ 22ರಂದು ಚರಕದ ಜಾಗಕ್ಕೆ ಅಶೋಕ ಚಕ್ರ ಬಂದು, ಅದು ದೇಶದ ಬಾವುಟವಾಯಿತು. ಆದರೆ ಸ್ವತಂತ್ರ ಭಾರತದಲ್ಲೂ ಜನಸಾಮಾನ್ಯರು ಮನೆ ಮೇಲೆ ಅದನ್ನು ಹಾರಿಸಬಹುದಾಗಿದ್ದು ಕೆಲವೇ ದಿನ. ಉದ್ಯಮಿ ನವೀನ್ ಜಿಂದಾಲ್ ತಮ್ಮ ಕಾರ್ಖಾನೆಯಲ್ಲಿ ಬಾವುಟ ಹಾರಿಸಿದಾಗ ಅಧಿಕಾರಿಗಳು ತಡೆದರು, ಅವರು ಕೋರ್ಟಿಗೆ ಹೋದರು. 2002ರ ಜನವರಿ 26ರಿಂದ ಹೊಸ ಧ್ವಜ ಸಂಹಿತೆ ಜಾರಿಗೆ ಬಂದು ವರ್ಷದ ಎಲ್ಲ ದಿನಕ್ಕೂ ಅವಕಾಶ ಸಿಕ್ಕಿತು. ಗೌರವದಿಂದ ಬಾವುಟ ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಜುಲೈನಿಂದ ಮನೆಗಳಲ್ಲಿ ರಾತ್ರಿಯೂ ಬಾವುಟ ಇರಬಹುದು.

ಈಗ ಕಂಬದ ಮಾತು. ಯಾವ ಮರ, ಯಾವ ಪೈಪ್ ಎನ್ನುವುದು ನಿಮ್ಮ ಇಷ್ಟ. ಆದರೆ ರಾಷ್ಟ್ರಧ್ವಜ ಇರುವಾಗ ಅದೇ ಕಂಬಕ್ಕೆ ಕನ್ನಡದ ಬಾವುಟವನ್ನಾಗಲಿ, ಪಕ್ಷದ ಬಾವುಟವನ್ನಾಗಲಿ ಕಟ್ಟುವಂತಿಲ್ಲ. ಕಂಬದ ತುದಿಗೆ ಹೂವಿನ ಹಾರವೂ ಕೂಡದು. ಬೇಕಾದರೆ ಏರಿಸುವ ಮುಂಚೆ ಬಾವುಟದ ಮಡಿಕೆಯೊಳಗೆ ಹೂವಿನ ಎಸಳು ಇಡಬಹುದು. ಬಾವುಟ ನೆಲಕ್ಕೆ ತಾಗದಷ್ಟು ಎತ್ತರ ಬೇಕು. ಹರಿದರೆ, ಮಾಸಿದರೆ ಇಳಿಸಬೇಕು. ಹಾಗಾಗಿ ತುದಿಗೆ ರಾಟೆ, ಹಗ್ಗ ಇರುವ ಕಂಬವೇ ಅನುಕೂಲ.

ಮರದ ಕಂಬವನ್ನು ನೇರ ಮಣ್ಣಿಗೆ ಹೂತರೆ ಗೆದ್ದಲು ಹಿಡಿಯುತ್ತದೆ. ಎರಡು ಗಿಡ್ಡ ಕಲ್ಲುಗಳನ್ನು ನೆಟ್ಟು ನಡುವೆ ಬೋಲ್ಟ್ ಹಾಕಿ ನಿಲ್ಲಿಸಿದರೆ ಬೇಕೆಂದಾಗ ಕಂಬವನ್ನೇ ವಾಲಿಸಿ ಇಳಿಸಬಹುದು. ಎಲ್ಲಕ್ಕಿಂತ ಮೊದಲು ತಲೆ ಎತ್ತಿ ಕರೆಂಟ್ ವೈರ್ ನೋಡಿ. ಕಂಬ ಯಾವ ಕಡೆ ಬಿದ್ದರೂ ವೈರಿಗೆ ತಾಗಬಾರದು, ಅಷ್ಟು ದೂರ ಇರಲಿ. ಕಬ್ಬಿಣದ ಪೈಪ್ ಎತ್ತಿ ನಿಲ್ಲಿಸುವಾಗ ವೈರಿಗೆ ತಾಗಿದರೆ ಹಿಡಿದವರ ಜೀವಕ್ಕೇ ಅಪಾಯ. ಆ ಕೆಲಸಕ್ಕೆ ಮಕ್ಕಳನ್ನು ಬಿಡಬೇಡಿ.

ವಿದುರಾಶ್ವತ್ಥದಲ್ಲಿ ಆ ಹಕ್ಕಿಗಾಗಿ ಪ್ರಾಣ ಕೊಟ್ಟವರಿದ್ದಾರೆ. ಇವತ್ತು ಅಜಾಗರೂಕತೆಗೆ ಇನ್ನೊಂದು ಜೀವ ಹೋಗಬಾರದು.