ಬೋಡೆ, ವಿಲ್‌ಹೆಲ್ಮ್ ಫಾನ್

ಪುನರುಜ್ಜೀವನ ಕಾಲದ ಇಟಲಿಯ ಶಿಲ್ಪ ಮತ್ತು ಚಿತ್ರಕಲೆಗಳಲ್ಲಿ ಅಸಾಧಾರಣ ಪರಿಣತಿ ಪಡೆದಿದ್ದ ಜರ್ಮನ್ ವಿದ್ವಾಂಸ ವಿಲ್‌ಹೆಲ್ಮ್ ಫಾನ್ ಬೋಡೆ (1845-1929) ಬರ್ಲಿನ್ನಿನ ಸಂಗ್ರಹಾಲಯಗಳಲ್ಲಿ 48 ವರ್ಷ ಸೇವೆ ಸಲ್ಲಿಸಿದವನು. ಕಲಾಕೃತಿಗಳನ್ನು ಪರೀಕ್ಷಿಸಿ ಕೊಳ್ಳುವ, ಅವುಗಳ ಕರ್ತೃ ಮತ್ತು ಕಾಲವನ್ನು ನಿರ್ಣಯಿಸುವ, ಅವನ್ನು ಕಾಪಾಡಿ ಪ್ರದರ್ಶಿಸುವ ಕ್ಯುರೇಟರ್ ವೃತ್ತಿ ಇಂದಿನ ರೂಪ ಪಡೆಯುವುದಕ್ಕೆ ಈತನಷ್ಟು ಕಾರಣರಾದವರು ವಿರಳ.

ಕಾಲ್‌ಫೋರ್ಡೆ ಎಂಬ ಊರಿನಲ್ಲಿ ಜನಿಸಿದ ಬೋಡೆ ಮೊದಲು ಕಾನೂನು ಓದಿ, ಬಳಿಕ ಕಲಾ ಇತಿಹಾಸದತ್ತ ಹೊರಳಿ, 1870ರಲ್ಲಿ ಲೈಪ್‌ಜಿಗ್‌ನಲ್ಲಿ ಡಾಕ್ಟರೇಟ್ ಪಡೆದು, 1872ರಲ್ಲಿ ಬರ್ಲಿನ್ನಿನಲ್ಲಿ ಶಿಲ್ಪ ವಿಭಾಗದ ಸಹಾಯಕನಾಗಿ ಸೇರಿದ. 1883ರಲ್ಲಿ ಆ ವಿಭಾಗಕ್ಕೆ, 1890ರಲ್ಲಿ ಚಿತ್ರಶಾಲೆಗೆ ನಿರ್ದೇಶಕನಾಗಿ, 1905ರಿಂದ 1920ರವರೆಗೆ ಎಲ್ಲ ಸಂಗ್ರಹಾಲಯಗಳ ಮಹಾನಿರ್ದೇಶಕನಾಗಿದ್ದ. ಹೆಸರಿನ ನಡುವಿನ 'ಫಾನ್' 1914ರಲ್ಲಿ ದೊರೆತ ಕುಲೀನ ಪದವಿಯ ಗುರುತು.

ಬೋಡೆಯ ಮುಖ್ಯ ಸಾಧನೆಯೆಂದರೆ ಹದಿನೈದನೆಯ ಶತಮಾನದ ಫ್ಲಾರೆನ್ಸಿನ ಶಿಲ್ಪಕ್ಕೆ ಸಂಗ್ರಹಾಲಯದಲ್ಲಿ ಚಿತ್ರಕಲೆಯ ಸರಿಸಮಾನ ಸ್ಥಾನವನ್ನು ದೊರಕಿಸಿಕೊಟ್ಟದ್ದು. ಇಟಲಿಯನ್ನು ಮತ್ತೆ ಮತ್ತೆ ಸುತ್ತಿ, ಸ್ಟೆಫಾನೊ ಬಾರ್ಡಿನಿಯಂಥ ವ್ಯಾಪಾರಿಗಳೊಡನೆ ನಿಕಟ ಸಂಪರ್ಕವಿಟ್ಟುಕೊಂಡು, ಅಮೃತಶಿಲೆಯ ಮೂರ್ತಿಗಳನ್ನೂ ಸುಟ್ಟ ಮಣ್ಣಿನ ಉಬ್ಬುಶಿಲ್ಪಗಳನ್ನೂ ಆತ ಕಲೆಹಾಕಿದ. ಮಾತೆ ಮೇರಿ ಶಿಶುವಿನ ಮುಖಕ್ಕೆ ಮುಖ ತಾಗಿಸಿ ನೋಡುತ್ತಿರುವ, ಡೊನಾಟೆಲ್ಲೊ ಕೆತ್ತಿದ 'ಪಾಟ್ಸಿ ಮಡೋನ್ನಾ' 1886ರಲ್ಲಿ ಬರ್ಲಿನ್ ಸೇರಿದ್ದು ಹೀಗೆ. ಸರ್ಕಾರದ ಹಣವನ್ನೇ ನೆಚ್ಚಿ ಕುಳಿತರೆ ಒಳ್ಳೆಯ ಕೃತಿಗಳು ಕೈತಪ್ಪುತ್ತವೆ ಎಂಬುದನ್ನು ಅರಿತಿದ್ದ ಬೋಡೆ, ಸಿರಿವಂತ ಸಂಗ್ರಾಹಕರಿಗೆ ಕೊಳ್ಳುವಾಗ ಸಲಹೆ ನೀಡಿ ಅವರ ವಿಶ್ವಾಸ ಗಳಿಸುತ್ತಿದ್ದ. 1897ರಲ್ಲಿ ಸದಸ್ಯರ ವಂತಿಗೆಯಿಂದ ಕಲಾಕೃತಿ ಕೊಳ್ಳುವ ಸಂಘವೊಂದನ್ನು ಕಟ್ಟಿದ. ಹತ್ತಿಬಟ್ಟೆಯ ವ್ಯಾಪಾರಿ ಜೇಮ್ಸ್ ಸೈಮನ್ ಈತನ ನೆರವಿನಿಂದ ಬೆಳೆಸಿದ ಪುನರುಜ್ಜೀವನ ಕಾಲದ ಸಂಗ್ರಹವನ್ನು ಸಂಗ್ರಹಾಲಯಕ್ಕೇ ದಾನವಾಗಿ ಕೊಟ್ಟ.

ಆ ದಾನಕ್ಕೆ ಸಂದರ್ಭವೊದಗಿಸಿದ್ದು ಸ್ಪ್ರೇ ನದಿಯ ನಡುಗಡ್ಡೆಯ ತುದಿಯಲ್ಲಿ, ಎರ್ನ್ಸ್ಟ್ ಫಾನ್ ಈನೆಯ ವಿನ್ಯಾಸದಂತೆ ಎದ್ದು, 1904ರ ಅಕ್ಟೋಬರ್ 18ರಂದು ತೆರೆದ ಕೈಸರ್ ಫ್ರೀಡ್ರಿಶ್ ಸಂಗ್ರಹಾಲಯ. ಚಿತ್ರಗಳನ್ನು ಒಂದೆಡೆ, ಶಿಲ್ಪಗಳನ್ನು ಇನ್ನೊಂದೆಡೆ ಇಡುವ ರೂಢಿಯನ್ನು ಬೋಡೆ ಇಲ್ಲಿ ಮುರಿದು, ಒಂದೇ ಕಾಲದ ಚಿತ್ರ, ಶಿಲ್ಪ, ಪೀಠೋಪಕರಣ ಮತ್ತು ಬಾಗಿಲುವಾಡಗಳನ್ನು ಒಂದೇ ಕೋಣೆಯಲ್ಲಿ ಜೋಡಿಸಿದ. ಕಟ್ಟಡದ ನಡುವಿನ ಸಭಾಂಗಣವನ್ನು ಫ್ಲಾರೆನ್ಸಿನ ಚರ್ಚಿನ ಮಾದರಿಯಲ್ಲಿ ಕಟ್ಟಿಸಿ, ಅದರ ಇಕ್ಕೆಲದ ಗೂಡುಗಳಲ್ಲಿ ಬಲಿಪೀಠದ ಚಿತ್ರಶಿಲ್ಪಗಳನ್ನು ನಿಲ್ಲಿಸಿದ. ಮೂಲ ನೆಲೆಯಿಂದ ಕಿತ್ತು ತಂದ ಕೃತಿಗೆ ಅದರ ನೆರೆಹೊರೆಯನ್ನು ಮರಳಿ ಒದಗಿಸುವುದು ಈ ಕ್ರಮದ ಆಶಯವಾಗಿದ್ದು, ನೋಡುಗನ ಕಣ್ಣಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಆ ಕಾಲದ ಬೇರಾವ ಸಂಗ್ರಹಾಲಯವೂ ಮಾಡಿರಲಿಲ್ಲವೆಂದರೆ ಅತಿಶಯವಾಗದು. ಬೋಡೆಯ ಕೈಕೆಳಗೆ ಪಳಗಿದ ವಿಲ್‌ಹೆಲ್ಮ್ ವಾಲೆಂಟೀನರ್ 1908ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೂ ಅನಂತರ ಡೆಟ್ರಾಯಿಟ್‌ಗೂ ಹೋಗಿ ಗುರುವಿನ ಪದ್ಧತಿಯನ್ನು ಅಮೆರಿಕಕ್ಕೆ ಒಯ್ದ.

ಕೃತಿಯ ಶೈಲಿಯನ್ನು ಕಣ್ಣಿನಿಂದಲೇ ಅಳೆದು ಕರ್ತೃವನ್ನು ಗುರುತಿಸುವ ವಿದ್ಯೆಯಲ್ಲಿ ಬೋಡೆಯ ಆತ್ಮವಿಶ್ವಾಸ ಅಪಾರವಾಗಿತ್ತು. ಅದರ ಮಿತಿಯೂ ಈತನ ಬದುಕಿನಲ್ಲೇ ಕಾಣಿಸಿಕೊಂಡಿತು. 1909ರಲ್ಲಿ ಆತ ಇಂಗ್ಲೆಂಡಿನಿಂದ ತರಿಸಿದ 'ಫ್ಲೋರಾ' ಎಂಬ ಎದೆಮಟ್ಟದ ಮೇಣದ ಪ್ರತಿಮೆ ಲಿಯೊನಾರ್ಡೊ ಡ ವಿಂಚಿಯದೆಂದು ಸಾರಿದಾಗ, ಅದನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಶಿಲ್ಪಿ ರಿಚರ್ಡ್ ಕಾಕಲ್ ಲೂಕಸ್ ಮಾಡಿದ್ದೆಂದು ಆತನ ಮಗ ಸಾಕ್ಷಿ ನುಡಿದ. ಪ್ರತಿಮೆಯ ಒಳಗೆ ಅದೇ ಶತಮಾನದ ಕಾಗದದ ಚೂರುಗಳೂ ಸಿಕ್ಕವು. ಲೂಕಸ್ ಹಳೆಯ ಕೃತಿಯೊಂದನ್ನು ರಿಪೇರಿ ಮಾಡಿರಬೇಕೆಂಬ ವಾದವನ್ನು ಹಿಡಿದ ಬೋಡೆ ಕೊನೆಯವರೆಗೂ ತನ್ನ ನಿಲುವನ್ನು ಬಿಡಲಿಲ್ಲ. ಈ ಹಟವನ್ನು ಬರಿಯ ದರ್ಪವೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಬರ್ಲಿನ್ನಿನ ಶ್ರೇಷ್ಠ ಕೃತಿಗಳನ್ನು ಆರಿಸಿದ್ದೂ ಅದೇ ಕಣ್ಣು, ಅದೇ ನಂಬಿಕೆ.

ಬೋಡೆ ಕೂಡಿಸಿದ ಸಂಗ್ರಹ ಇಡಿಯಾಗಿ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ, 1945ರ ಮೇ ತಿಂಗಳಿನಲ್ಲಿ, ಕೃತಿಗಳನ್ನು ಸುರಕ್ಷಿತವಾಗಿಡಲೆಂದು ಸಾಗಿಸಿದ್ದ ಫ್ರೀಡ್ರಿಶ್ಸ್‌ಹೈನ್ ಗೋಪುರಕ್ಕೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಚಿತ್ರಗಳು ನಾಶವಾದವು. 1873ರಲ್ಲಿ ಬರ್ಲಿನ್ನಿಗೆ ಬಂದಿದ್ದ ಸಿನ್ಯೊರೆಲ್ಲಿಯ 'ಪಾನ್' ಚಿತ್ರವೂ ಅವುಗಳಲ್ಲಿತ್ತು. ಕೈಸರ್ ಫ್ರೀಡ್ರಿಶ್ ಸಂಗ್ರಹಾಲಯಕ್ಕೆ 1956ರಲ್ಲಿ ಬೋಡೆಯ ಹೆಸರನ್ನಿಡಲಾಯಿತು. ದೀರ್ಘ ಕಾಲದ ದುರಸ್ತಿಯ ನಂತರ ಅದು 2006ರಲ್ಲಿ ಮತ್ತೆ ತೆರೆಯಿತು. ಮೇಣದಲ್ಲಿನ ವಿಕಿರಣಶೀಲ ಕಾರ್ಬನ್ನಿನ ಅಂಶವನ್ನು ಅಳೆದು ವಯಸ್ಸನ್ನು ಲೆಕ್ಕಹಾಕುವ ವಿಧಾನದಿಂದ ಇನಾ ರೈಶೆ ಮತ್ತು ಸಹವಿಜ್ಞಾನಿಗಳು ಫ್ಲೋರಾವನ್ನು ಪರೀಕ್ಷಿಸಿ, ಅದರಲ್ಲಿ ತಿಮಿಂಗಿಲದ ತಲೆಯಿಂದ ತೆಗೆಯುವ ಮೇಣವಿದೆಯೆಂದೂ ಪ್ರತಿಮೆ ಹತ್ತೊಂಬತ್ತನೆಯ ಶತಮಾನದ್ದೆಂದೂ 2021ರಲ್ಲಿ ಪ್ರಕಟಿಸಿದರು. ಪ್ರತಿಮೆ ಇಂದಿಗೂ ಬೋಡೆ ಸಂಗ್ರಹಾಲಯದಲ್ಲಿಯೇ ಇದೆ.