ಕಳೆದುಹೋದ ದೂತರನ್ನು ಅರಸಿದವರು

ತಾನು ಹೋಗಲಾರದ ಕಡೆಗೆ ದೂತನನ್ನು ಕಳುಹಿಸುವುದು ಮನುಷ್ಯನಿಗೆ ಹೊಸ ಸಂಗತಿಯೇನಲ್ಲ. ನಮ್ಮ ಕಾವ್ಯಗಳಲ್ಲಿ ಹಂಸವೂ ಮೇಘವೂ ವಾನರವೀರನೂ ಈ ಕೆಲಸವನ್ನು ಮಾಡಿದ್ದುಂಟು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊರಟ ದೂತರು ಮಾತ್ರ ಲೋಹದವರು. ಅವರಿಗೆ ಕಣ್ಣಿನ ಬದಲು ಕ್ಯಾಮೆರಾ, ನಾಲಗೆಯ ಬದಲು ರೇಡಿಯೋ. ಈ ಯಂತ್ರದೂತರ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಕಳುಹಿಸಿದ ರಾಷ್ಟ್ರವನ್ನೂ ಹೋದ ನೌಕೆಯನ್ನೂ ಹೆಸರಿಸಿ ಸುಮ್ಮನಾಗುತ್ತೇವೆ. ಆದರೆ ಈ ಕಥೆಯಲ್ಲಿ ಮೂರನೆಯ ಪಾತ್ರವೊಂದುಂಟು. ಯಾರೂ ನೇಮಿಸದೆ, ಯಾರಿಂದಲೂ ಸಂಬಳ ಪಡೆಯದೆ, ಕೇವಲ ಪ್ರೀತಿಯಿಂದ ಆಕಾಶಕ್ಕೆ ಕಿವಿಗೊಟ್ಟು ಕುಳಿತ ಹವ್ಯಾಸಿಯ ಪಾತ್ರ ಅದು. ಈ ಹೊತ್ತಿನ ಮಾತು ಅವನನ್ನು ಕುರಿತದ್ದು.

ಹವ್ಯಾಸಿಗೆ ಆಮಂತ್ರಣ ಬಂದದ್ದು ಮೊದಲ ದಿನವೇ ಎನ್ನಬೇಕು. ೧೯೫೭ರ ಅಕ್ಟೋಬರ್ ೪ರಂದು ಸೋವಿಯತ್ ಒಕ್ಕೂಟ ಹಾರಿಸಿದ ಸ್ಪುಟ್ನಿಕ್ ಸುಮಾರು ೮೪ ಕಿಲೋಗ್ರಾಂ ತೂಕದ ಒಂದು ಗೋಳ. ಅದರ 'ಬೀಪ್ ಬೀಪ್' ಸದ್ದು ಸಾಮಾನ್ಯ ಹವ್ಯಾಸಿಗಳ ರೇಡಿಯೋಗಳಿಗೂ ಎಟುಕುವಂಥ ತರಂಗಗಳಲ್ಲಿ ಬರುವಂತೆ ಅದನ್ನು ಕಟ್ಟಿದವರು ಏರ್ಪಡಿಸಿದ್ದರು. ಅದನ್ನು ಕೇಳುವ ಕ್ರಮವನ್ನು ಸೋವಿಯತ್ ಪತ್ರಿಕೆಯೊಂದು ಉಡಾವಣೆಗೆ ಮೊದಲೇ ಪ್ರಕಟಿಸಿತ್ತು. ಬ್ಯಾಟರಿ ತೀರುವವರೆಗೆ, ಅಂದರೆ ಸುಮಾರು ಮೂರು ವಾರ, ಲೋಕದ ನಾನಾ ಮೂಲೆಗಳಲ್ಲಿ ಜನ ಆ ಸದ್ದನ್ನು ಆಲಿಸಿದರು.

ಕೇಳಿಸಿಕೊಳ್ಳುವುದು ಬೇರೆ, ಕೇಳಿದ್ದನ್ನು ಅರ್ಥಮಾಡಿಕೊಳ್ಳುವುದು ಬೇರೆ. ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಗ್ರಾಮರ್ ಶಾಲೆಯಲ್ಲಿ ಜೆಫ್ರಿ ಪೆರಿ ಎಂಬ ಭೌತಶಾಸ್ತ್ರದ ಅಧ್ಯಾಪಕರಿದ್ದರು. ರಸಾಯನಶಾಸ್ತ್ರದ ಅಧ್ಯಾಪಕ ಡೆರೆಕ್ ಸ್ಲೇಟರ್ ಅವರ ಜೊತೆಗಾರರು. ಸಾಧಾರಣ ರೇಡಿಯೋ ಗ್ರಾಹಕವೊಂದನ್ನು ಇಟ್ಟುಕೊಂಡು ಇವರೂ ಇವರ ಶಿಷ್ಯರೂ ಸೋವಿಯತ್ ಉಪಗ್ರಹಗಳ ದನಿಯನ್ನು ದಿನವೂ ದಾಖಲಿಸುತ್ತಿದ್ದರು. ರೈಲು ಎದುರಾಗಿ ಬಂದು ದಾಟಿಹೋಗುವಾಗ ಅದರ ಸಿಳ್ಳಿನ ಸ್ವರ ಇಳಿಯುತ್ತದಲ್ಲವೆ? ಹಾಗೆಯೇ ಉಪಗ್ರಹದ ಸ್ವರದ ಏರಿಳಿತದಿಂದ ಅದು ಹತ್ತಿರ ಬಂದು ದೂರವಾಗುವ ಬಗೆಯನ್ನು ತಿಳಿಯಬಹುದು. ೧೯೬೬ರ ಮಾರ್ಚ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು, ಹೀಗೆ ಎರಡು ಕಾಸ್ಮೋಸ್ ಉಪಗ್ರಹಗಳು ಹೊರಟ ಪಥಗಳನ್ನು ಇವರು ಹಿಂದಕ್ಕೆ ಎಳೆದು ನೋಡಿದಾಗ ಆ ಗೆರೆಗಳು ಕೂಡಿದ್ದು ಅದುವರೆಗೆ ಎಲ್ಲರೂ ಬಲ್ಲ ಬೈಕನೂರಿನಲ್ಲಲ್ಲ. ರಷ್ಯದ ಉತ್ತರದ ಪ್ಲೆಸೆಟ್ಸ್ಕ್ ಪ್ರಾಂತದಲ್ಲಿ. ಅಲ್ಲೊಂದು ಗುಪ್ತ ಉಡಾವಣಾ ಕೇಂದ್ರವಿದೆಯೆಂಬುದನ್ನು ಶಾಲಾಮಕ್ಕಳ ತಂಡವೊಂದು ಜಗತ್ತಿಗೆ ತಿಳಿಸಿತು. ಸೋವಿಯತ್ ಸರ್ಕಾರ ಅದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ೧೯೮೩ರಲ್ಲಿ.

ಹವ್ಯಾಸಿಯ ಉತ್ಸಾಹಕ್ಕೆ ಇನ್ನೊಂದು ಮುಖವೂ ಉಂಟು. ಅದನ್ನು ಮರೆತು ಹೊಗಳಿದರೆ ನ್ಯಾಯವಾಗದು. ಅಮೆರಿಕದ ಸಿರಿವಂತ ಪರ್ಸಿವಲ್ ಲೋವೆಲ್ ೧೮೯೪ರಲ್ಲಿ ಅರಿಜೋನಾದಲ್ಲಿ ಸ್ವಂತ ಹಣದಿಂದ ವೀಕ್ಷಣಾಲಯವನ್ನು ಕಟ್ಟಿಸಿದರು. ಮಂಗಳ ಗ್ರಹದ ಮೇಲೆ ಕಾಲುವೆಗಳ ಜಾಲವನ್ನು ಕಂಡರು, ನಕ್ಷೆ ಬರೆದರು, ಅವುಗಳನ್ನು ತೋಡಿದ ಬುದ್ಧಿಜೀವಿಗಳನ್ನೂ ಕಲ್ಪಿಸಿದರು. ೧೯೬೫ರ ಜುಲೈಯಲ್ಲಿ ಮ್ಯಾರಿನರ್ ೪ ಎಂಬ ನೌಕೆ ಮಂಗಳದ ಪಕ್ಕದಿಂದ ಹಾದುಹೋಗುತ್ತ ಕಳುಹಿಸಿದ ಚಿತ್ರಗಳಲ್ಲಿ ಇದ್ದದ್ದು ಕುಳಿಗಳು ಮಾತ್ರ. ಕಾಣಬೇಕೆಂಬ ಹಂಬಲ ಕಣ್ಣನ್ನು ಎಷ್ಟು ಸುಲಭವಾಗಿ ವಂಚಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಹಾಗಾದರೆ ನಿಜವಾದ ಶೋಧಕ್ಕೂ ಹಂಬಲದ ಕನಸಿಗೂ ಇರುವ ಅಂತರವೇನು? ಮುಂದಿನ ಕಥೆಗಳು ಇದಕ್ಕೆ ಉತ್ತರ ಕೊಡುತ್ತವೆ.

೧೯೭೧ರ ಡಿಸೆಂಬರ್ ೨ರಂದು ಸೋವಿಯತ್ ಒಕ್ಕೂಟದ ಮಾರ್ಸ್ ೩ ಮಂಗಳದ ನೆಲಕ್ಕೆ ಮೆಲ್ಲನೆ ಇಳಿಯಿತು. ಮನುಷ್ಯನ ಕೈಕೆಲಸವೊಂದು ಆ ಗ್ರಹದ ಮೇಲೆ ಮುರಿಯದೆ ಇಳಿದದ್ದು ಅದೇ ಮೊದಲು. ಆಗ ಇಡೀ ಗ್ರಹವನ್ನು ಧೂಳಿನ ಬಿರುಗಾಳಿ ಮುಚ್ಚಿತ್ತು. ನೌಕೆ ಮಾತನಾಡಿದ್ದು ಅರ್ಧ ನಿಮಿಷವೂ ಅಲ್ಲ, ಆಮೇಲೆ ಮೌನ. ಅದರೊಳಗೆ ಹಿಮದ ಮೇಲೆ ಜಾರುವವರಂತೆ ಹೆಜ್ಜೆಯಿಡಲು ಸಿದ್ಧಪಡಿಸಿದ ಪುಟ್ಟ ಯಂತ್ರವೊಂದಿತ್ತು. ಹೊರನಾಡಿಗೆ ಹೋದ ಮಗ ತಲುಪಿದೆನೆಂದು ಒಂದು ಕಾಗದ ಬರೆಯಲು ತೊಡಗಿ, ಮೊದಲ ಅಕ್ಷರಕ್ಕೇ ನಿಲ್ಲಿಸಿದಂತಾಯಿತು.

ನಾಲ್ವತ್ತು ವರ್ಷಗಳ ಅನಂತರ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಿತಾಲಿ ಯೆಗೊರೋವ್ ಎಂಬ ಆಸಕ್ತರು ಅದನ್ನು ಹುಡುಕಲು ಮನಸ್ಸು ಮಾಡಿದರು. ಮಂಗಳವನ್ನು ಸುತ್ತುತ್ತಿದ್ದ ಅಮೆರಿಕದ ನೌಕೆಯೊಂದು ೨೦೦೭ರ ನವೆಂಬರ್‌ನಲ್ಲಿ ಆ ಪ್ರದೇಶದ ಚಿತ್ರ ತೆಗೆದಿತ್ತು. ಆ ಚಿತ್ರ ೧೮೦ ಕೋಟಿ ಬಿಂದುಗಳಷ್ಟು ವಿಶಾಲವಾದದ್ದು. ಯಾರು ಬೇಕಾದರೂ ನೋಡಬಹುದಾದ ಭಂಡಾರದಲ್ಲಿ ಇರಿಸಲಾಗಿತ್ತು. ಯೆಗೊರೋವ್ ಮೊದಲು ಮಾಡಿದ ಕೆಲಸ ಗಮನಾರ್ಹವಾದದ್ದು. ಪ್ಯಾರಾಶೂಟು, ಶಾಖರಕ್ಷಕ ಕವಚ, ವೇಗ ತಗ್ಗಿಸುವ ರಾಕೆಟ್ಟು, ಇಳಿದ ನೌಕೆ, ಇವು ನಾಲ್ಕೂ ಆ ಚಿತ್ರದಲ್ಲಿ ಎಷ್ಟು ದೊಡ್ಡದಾಗಿ, ಹೇಗೆ ಕಾಣಬೇಕೆಂದು ಅವರು ಮಾದರಿಗಳನ್ನು ರಚಿಸಿಕೊಂಡರು. ಅನಂತರವೇ ಅವರೂ ಅವರ ಸಂಗಡಿಗರೂ ಹುಡುಕತೊಡಗಿದರು. ೨೦೧೨ರ ಡಿಸೆಂಬರ್ ೩೧ರಂದು ಹೊಂದುವ ಗುರುತುಗಳು ಕಂಡವು. ಆಗಲೂ ಅವರು ಡಂಗುರ ಹೊಡೆಯದೆ ವಿಜ್ಞಾನಿಗಳ ಮುಂದಿಟ್ಟರು. ೨೦೧೩ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಚಿತ್ರ ತೆಗೆಯಲಾಯಿತು. ಏಪ್ರಿಲ್‌ನಲ್ಲಿ ಅಮೆರಿಕದ ನಾಸಾ ಸಂಸ್ಥೆ ಪ್ರಕಟಿಸಿದಾಗಲೂ ಹೇಳಿದ್ದು 'ಇವು ಮಾರ್ಸ್ ೩ರ ಭಾಗಗಳಾಗಿರಬಹುದು' ಎಂಬಷ್ಟನ್ನೇ. ಲೋವೆಲ್ ತಾವು ಕಂಡ ಗೆರೆಗಳಿಗೆ ಅರ್ಥವನ್ನು ಆಮೇಲೆ ಕಟ್ಟಿದರು. ಇವರು ಕಾಣಬೇಕಾದುದರ ಅಳತೆಯನ್ನು ಮೊದಲೇ ಗೊತ್ತುಮಾಡಿಕೊಂಡು ಅನಂತರ ಕಣ್ಣು ತೆರೆದರು. ಅಂತರ ಇರುವುದು ಇಲ್ಲಿಯೇ.

ಬ್ರಿಟನ್ನಿನ ಬೀಗಲ್ ೨ ನೌಕೆಯ ಕಥೆ ಮನಸ್ಸನ್ನು ಇನ್ನೂ ಕಲಕುವಂಥದು. ೨೦೦೩ರ ಕ್ರಿಸ್ಮಸ್ ದಿನ ಮಂಗಳದಲ್ಲಿ ಇಳಿಯಬೇಕಾಗಿದ್ದ ಅದರಿಂದ ಒಂದು ಸದ್ದೂ ಬರಲಿಲ್ಲ. ಅದರ ಹಿಂದಿನ ಚೇತನವಾಗಿದ್ದ ಕಾಲಿನ್ ಪಿಲ್ಲಿಂಜರ್ ಸೋಲಿನ ಹೊರೆ ಹೊತ್ತೇ ೨೦೧೪ರ ಮೇ ತಿಂಗಳಲ್ಲಿ ತೀರಿಕೊಂಡರು. ೨೦೧೫ರ ಜನವರಿಯಲ್ಲಿ ಸುದ್ದಿ ಬಂತು: ಬೀಗಲ್ ಮುರಿದಿರಲಿಲ್ಲ, ಸುರಕ್ಷಿತವಾಗಿಯೇ ಇಳಿದಿತ್ತು! ಸೌರಫಲಕಗಳು ಪೂರ್ತಿ ಬಿಚ್ಚಿಕೊಳ್ಳದೆ, ಅವುಗಳ ಅಡಿಯಲ್ಲಿದ್ದ ಆಂಟೆನಾ ಮುಚ್ಚಿಹೋದುದರಿಂದ ಅದು ಮೂಕವಾಗಿತ್ತು. ಚಿತ್ರಗಳಲ್ಲಿ ಅದನ್ನು ಮೊದಲು ಗುರುತಿಸಿದವರು ಯುರೋಪಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಹಿಂದೆ ಕೆಲಸ ಮಾಡಿದ್ದ ಮೈಕೆಲ್ ಕ್ರೂನ್. ಸೋಲೆಂದು ಬರೆದಿಟ್ಟ ಅಧ್ಯಾಯವನ್ನು ಮುಕ್ಕಾಲು ಗೆಲವೆಂದು ತಿದ್ದಬೇಕಾಯಿತು. ತಿದ್ದುಪಡಿಯನ್ನು ಓದಬೇಕಾದವರು ಮಾತ್ರ ಎಂಟು ತಿಂಗಳು ಮೊದಲೇ ಹೋಗಿಬಿಟ್ಟಿದ್ದರು.

ಕಣ್ಣಿನಂತೆ ಕಿವಿಯೂ ಈಗಲೂ ಎಚ್ಚರವಾಗಿದೆ. ಭೂಮಿಯ ಕಾಂತವಲಯವನ್ನು ಅಭ್ಯಸಿಸಲು ೨೦೦೦ದಲ್ಲಿ ಹಾರಿದ 'ಇಮೇಜ್' ಉಪಗ್ರಹ ೨೦೦೫ರ ಡಿಸೆಂಬರ್‌ನಲ್ಲಿ ಮೌನವಾಯಿತು. ಅದನ್ನು ಕಳೆದುಹೋದುದೆಂದು ಬಿಡಲಾಗಿತ್ತು. ೨೦೧೮ರ ಜನವರಿಯಲ್ಲಿ ಕೆನಡಾದ ಹವ್ಯಾಸಿ ಸ್ಕಾಟ್ ಟಿಲ್ಲಿ ಬೇರೊಂದು ಗುಪ್ತ ಉಪಗ್ರಹವನ್ನು ಹುಡುಕುತ್ತಿದ್ದಾಗ ಅದರ ದನಿ ಅವರ ಆಂಟೆನಾಕ್ಕೆ ಸಿಕ್ಕಿತು. ಆ ದನಿ ಇಮೇಜ್‌ನದೇ ಎಂದು ನಾಸಾ ಅದೇ ತಿಂಗಳು ದೃಢಪಡಿಸಿತು. ಆ ವರ್ಷವೇ ಅದು ಮತ್ತೆ ಕೈತಪ್ಪಿದರೂ ಹನ್ನೆರಡು ವರ್ಷಗಳ ಮೌನವನ್ನು ಮುರಿದದ್ದು ಹಿತ್ತಿಲ ಶ್ರೋತೃವೊಬ್ಬನ ಕಿವಿ ಎಂಬುದನ್ನು ಮರೆಯುವಂತಿಲ್ಲ.

ನಮ್ಮ ನಾಡಿಗೆ ಸಂಬಂಧಿಸಿದ ಸಂಗತಿ ಇನ್ನು ಉಳಿದಿದೆ. ೨೦೧೯ರ ಸೆಪ್ಟೆಂಬರ್ ೭ರ ನಡುರಾತ್ರಿಯ ಬಳಿಕ ಬೆಂಗಳೂರಿನ ನಿಯಂತ್ರಣ ಕೇಂದ್ರ ಚಂದ್ರಯಾನ ೨ರ ವಿಕ್ರಮ್ ಇಳಿಯುವುದನ್ನು ಕಾಯುತ್ತಿತ್ತು. ಕೊನೆಯ ಘಳಿಗೆಯಲ್ಲಿ ಸಂಪರ್ಕ ಕಡಿಯಿತು. ನಾಸಾದ ಚಂದ್ರಪರಿಕ್ರಮಣ ನೌಕೆ ತೆಗೆದ ಚಿತ್ರ ಆ ತಿಂಗಳ ಕೊನೆಯಲ್ಲಿ ಪ್ರಕಟವಾದಾಗ ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಿದರು. ಹಿಂದೆ ಇಲ್ಲದ ಒಂದು ಬಿಳಿಯ ಚುಕ್ಕೆ ಈಗ ಇತ್ತು. ಬರೆದು ತಿಳಿಸಿದರು. ಡಿಸೆಂಬರ್‌ನಲ್ಲಿ ನಾಸಾ ಅದು ವಿಕ್ರಮ್‌ನ ಅವಶೇಷವೆಂದು ಒಪ್ಪಿ, ಮೊದಲು ಕಂಡವರೆಂದು ಅವರ ಹೆಸರನ್ನು ಹೇಳಿತು. ತನ್ನ ಪರಿಕ್ರಮಣ ನೌಕೆ ಮೊದಲೇ ವಿಕ್ರಮ್‌ನನ್ನು ಗುರುತಿಸಿತ್ತೆಂದು ಭಾರತದ ಇಸ್ರೋ ಸಂಸ್ಥೆ ತಿಳಿಸಿತು. ಮೊದಲಿಗರು ಯಾರೆಂಬ ಚರ್ಚೆ ಇರಲಿ. ಎಲ್ಲರ ಕಣ್ಣಿಗೂ ತೆರೆದಿಟ್ಟ ಚಿತ್ರದಿಂದ ಒಬ್ಬ ನಾಗರಿಕ ಸತ್ಯದ ತುಣುಕನ್ನು ಹೆಕ್ಕಬಲ್ಲನೆಂಬುದು ಖಚಿತವಾಯಿತು.

ಕನ್ನಡಿಗರಿಗೆ ಈ ಬಗೆಯ ಪ್ರೀತಿ ಅಪರಿಚಿತವಲ್ಲ. ಹೊಲದ ಬದುವಿನಲ್ಲಿ ಅಡ್ಡಬಿದ್ದ ಶಾಸನವನ್ನು, ಬಾವಿಕಟ್ಟೆಯ ಮೆಟ್ಟಿಲಾದ ವೀರಗಲ್ಲನ್ನು ನಮ್ಮ ಹಳ್ಳಿಯ ಮೇಷ್ಟ್ರುಗಳೂ ಗುರುತಿಸಿ ವಿದ್ವಾಂಸರಿಗೆ ಬರೆದು ತಿಳಿಸಿದ್ದಾರೆ. ವೀರಗಲ್ಲು ಗೆದ್ದವನಿಗಿಂತ ಹೆಚ್ಚಾಗಿ ಹೋರಾಡಿ ಬಿದ್ದವನಿಗೆ ನಿಲ್ಲಿಸಿದ ಕಲ್ಲು. ರಾಷ್ಟ್ರಗಳು ತಮ್ಮ ಗೆಲವುಗಳನ್ನು ತಾವೇ ನೆನೆಯುತ್ತವೆ. ಬಿದ್ದ ನೌಕೆಗಳ ಜಾಡನ್ನು ಮಾತ್ರ ಹಲವು ಬಾರಿ ಇಂಥ ಅನಾಮಿಕ ಆಸಕ್ತರೇ ಹಿಡಿದಿದ್ದಾರೆ. ಸೋತದ್ದು ಎಲ್ಲಿ, ಹೇಗೆ ಎಂದು ತಿಳಿಯದೆ ಮುಂದಿನ ಹೆಜ್ಜೆ ಗಟ್ಟಿಯಾಗದು. ಆದುದರಿಂದ ಇದು ಬರಿಯ ಭಾವುಕತೆಯಲ್ಲ.

೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ ೩ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಸುಖವಾಗಿ ಇಳಿಯಿತು, ದೇಶ ಹರ್ಷಿಸಿತು. ಅದು ಇಳಿದ ಚಂದ್ರನ ಮೇಲೆಯೇ, ಬೇರೊಂದು ತಾಣದಲ್ಲಿ, ಮೊದಲ ವಿಕ್ರಮ್‌ನ ಚೂರುಗಳು ಹರಡಿಕೊಂಡಿವೆ. ಅವು ಎಲ್ಲಿವೆಯೆಂಬುದು ಇಂದು ನಮಗೆ ತಿಳಿದಿದೆ.