ಹನ್ನೆರಡು ಚಿತ್ರಗಳ ಒಂದು ದಿನ



ಮೊನ್ನೆ ಕಪಾಟು ಶುಚಿಗೊಳಿಸುತ್ತಿದ್ದಾಗ ಹಳೆಯ ಲಕೋಟೆಯೊಂದು ಸಿಕ್ಕಿತು. ಒಳಗೆ ಹನ್ನೆರಡು ಕಪ್ಪು-ಬಿಳುಪು ಚಿತ್ರಗಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡಿದ್ದ ಆಗ್ಫಾ ಕ್ಲಿಕ್ ತ್ರೀ ಕ್ಯಾಮರಾದಲ್ಲಿ ತೆಗೆದವು. ಒಂದು ರೀಲಿಗೆ ಹನ್ನೆರಡೇ ಚಿತ್ರ. ತೊಳೆಸುವ ಖರ್ಚು ಬೇರೆ. ಗುಂಡಿ ಒತ್ತುವ ಮುನ್ನ ಹತ್ತು ಬಾರಿ ಯೋಚಿಸುತ್ತಿದ್ದ ಕಾಲವದು.

ಅದು ಬೇಸಗೆ ರಜೆಯ ಕೊನೆಯ ದಿನಗಳು. ಮಳೆಗಾಲಕ್ಕೆ ಮುನ್ನ ಆಗಬೇಕಾದ ಕೆಲಸಗಳ ಚೀಟಿಯನ್ನು ಅಮ್ಮ ಕೊಟ್ಟಿದ್ದರು: ಕೊಡೆ ರಿಪೇರಿ, ಬಂದರಿನಿಂದ ಬೆಲ್ಲ ಮತ್ತು ಒಣಮೆಣಸು, ಮಾಡಿನ ಒಡೆದ ಹಂಚುಗಳಿಗೆ ಬದಲಿ ಹಂಚು. ಒಂದು ಹೆಗಲಿಗೆ ಚೀಲ, ಇನ್ನೊಂದಕ್ಕೆ ಕ್ಯಾಮರಾ ತೂಗಿಸಿ ಹೊರಟೆ.

ಹಂಪನಕಟ್ಟೆಯಲ್ಲಿ ಕೊಡೆ ಕೊಟ್ಟು ಬಾವುಟಗುಡ್ಡೆ ಏರಿದೆ. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ರೈತರು ಕಂಪನಿಯ ಬಾವುಟವನ್ನಿಳಿಸಿ ತಮ್ಮದನ್ನು ಹಾರಿಸಿದ ಸ್ಥಳವದು. ಅಲ್ಲಿ ನಾಲ್ಕು ಚಿತ್ರಗಳಾದವು. ಬಂದರಿನಲ್ಲಿ ಬೆಲ್ಲ, ಮೆಣಸು ಕೊಂಡು ಬೋಳೂರಿಗೆ ನಡೆದೆ. ಗುರುಪುರ ನದಿಗೆ ವೈರಿನೌಕೆಗಳು ನುಗ್ಗದಂತೆ ಕಾಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯನ್ನು ಸುತ್ತಿ ಸುತ್ತಿ ಏಳು ಚಿತ್ರ ತೆಗೆದೆ. ಉಳಿದದ್ದು ಒಂದು.

ಮಧ್ಯಾಹ್ನ ಹಂಚಿಗೆ ಹೇಳಿಬರಲು ಜೆಪ್ಪುವಿಗೆ ಹೋದೆ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು ಜೆಪ್ಪುವಿನಲ್ಲಿಯೇ. ನೇತ್ರಾವತಿ, ಗುರುಪುರ ನದೀತೀರಗಳ ಜೇಡಿಮಣ್ಣು ಇಲ್ಲಿ ಹಂಚಾಗಿ, ಊರಿನ ಹೆಸರನ್ನು ಹೊತ್ತು ಸಮುದ್ರದಾಚೆಗೂ ಹೋಯಿತು. ನಾನು ಹೋದ ಕಾರ್ಖಾನೆಯಲ್ಲಿ ಹೆಂಗಸರು ಸಾಲಾಗಿ ಹಸಿ ಹಂಚುಗಳನ್ನು ಹೊತ್ತು ಸಾಗುತ್ತಿದ್ದರು. ಅವರಲ್ಲಿ ನಮ್ಮ ನೆರೆಮನೆಯ ಅಕ್ಕನೂ ಇದ್ದರು. ಮೊಣಕೈವರೆಗೆ ಕೆಮ್ಮಣ್ಣು. ಕ್ಯಾಮರಾ ಕಂಡು ನಗುತ್ತ, "ಮಾಷ್ಟ್ರೇ, ನಮ್ಮದೂ ಒಂದು ಪಟ ತೆಗೆಯಿರಿ" ಎಂದರು.

"ರೀಲು ಮುಗಿಯಿತಕ್ಕಾ" ಎಂದೆ. ಅದು ಸುಳ್ಳಾಗಿತ್ತು.

ಆ ಒಂದನ್ನು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆಂದು ಕಾದಿರಿಸಿದ್ದೆ. ಒಳಗಿನ ಗೋಡೆಗಳಲ್ಲಿ ಇಟಲಿಯ ಮೊಸ್ಕೇನಿ ರಚಿಸಿದ ಚಿತ್ರಗಳನ್ನು ನನ್ನ ಸಾಧಾರಣ ಕ್ಯಾಮರಾ ಹಿಡಿಯಲಾರದೆಂದು ತಿಳಿದು ಹೊರಗಿನಿಂದ ಗುಂಡಿ ಒತ್ತಿದೆ. ಸಂಜೆಗತ್ತಲಲ್ಲಿ ಅದೂ ಮಸುಕಾಗಿಯೇ ಬಂದಿತು.

ಬತ್ತೇರಿ ಈಗಲೂ ನಿಂತಿದೆ, ಮಂದಿರವೂ ಇದೆ. ನನ್ನ ಚಿತ್ರಗಳಿಗಿಂತ ಉತ್ತಮವಾದವು ಸಾವಿರಾರು ಸಿಗುತ್ತವೆ. ಆದರೆ ಹಂಚಿನ ಕಾರ್ಖಾನೆಗಳಲ್ಲಿ ಬಹುಪಾಲು ಮುಚ್ಚಿದವು. ಹಂಚಿನ ಮಾಡುಗಳಿದ್ದಲ್ಲಿ ಬಹುಮಹಡಿ ಕಟ್ಟಡಗಳೆದ್ದಿವೆ. ಆ ಅಕ್ಕ ತೀರಿಕೊಂಡಾಗ, ಗೋಡೆಗೆ ಹಾಕಲು ಒಂದು ಭಾವಚಿತ್ರವಿದೆಯೇ ಎಂದು ಅವರ ಮಗ ನಮ್ಮಲ್ಲಿ ಕೇಳಲು ಬಂದಿದ್ದ. ಇಲ್ಲವೆನ್ನಬೇಕಾಯಿತು.

ವರ್ಷಾನುಗಟ್ಟಲೆ ನಿಮಗೆ ತರಗತಿಯಲ್ಲಿ 1784, 1837 ಎಂದು ಇಸವಿಗಳನ್ನು ಬಾಯಿಪಾಠ ಮಾಡಿಸಿದೆ. ಹಂಚು ಹೊತ್ತವರ ವಿಷಯ ಒಂದು ದಿನವೂ ಹೇಳಲಿಲ್ಲ. ಈಗ ನಿಮ್ಮೆಲ್ಲರ ಕೈಯಲ್ಲಿಯೂ ರೀಲು ಮುಗಿಯದ ಕ್ಯಾಮರಾ ಇದೆ. ಸಾಮಾನಿಗೆಂದು ಪೇಟೆಗೆ ಹೋದಾಗ ಅಂಗಡಿಯವರನ್ನೂ ಕೊಡೆ ಹೊಲಿಯುವವರನ್ನೂ ಕೇಳಿ ಒಂದು ಚಿತ್ರ ತೆಗೆಯಿರಿ. ಹೆಸರು, ಸ್ಥಳ, ತಾರೀಕು ಬರೆದಿಡಿ. ಅವರಿಗೂ ಒಂದು ಪ್ರತಿ ಕೊಡಲು ಮರೆಯದಿರಿ.